ಹೆರ್ ವೆಬರ್ ಅವರ ಕತ್ತು, ನನ್ನ ನೆಟಿಕೆ

ನಲವತ್ತು ದಾಟಿದ ಮೇಲೆ ಮನುಷ್ಯರಿಗೆ ಹೊಸದೇನಾದರೂ ಕಲಿಯುವ ಚಪಲ ಹುಟ್ಟುತ್ತದೆ. ಕೆಲವರು ಗಿಟಾರ್ ಕೊಳ್ಳುತ್ತಾರೆ, ಕೆಲವರು ಬಾಲ್ಕನಿಯಲ್ಲಿ ಕರಿಬೇವು ಬೆಳೆಸಲು ಹೋಗಿ ಜನವರಿಯ ಹಿಮದಲ್ಲಿ ಅದರ ತಿಥಿ ಮಾಡುತ್ತಾರೆ. ನನಗೆ ಆಸ್ಟಿಯೋಪತಿ ಹಿಡಿಯಿತು. ಜರ್ಮನಿಯ ಯೇನಾ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ನಾನು ಡಾಕ್ಟರು. ರಾತ್ರಿ ಡ್ಯೂಟಿ ಮಾಡಿ ಮಾಡಿ, ಬೆಳಿಗ್ಗೆ ಎದುರು ಮನೆಯವರಿಗೆ ‘ಗೂಟೆ ನಾಖ್ಟ್’ ಎಂದು ಶುಭರಾತ್ರಿ ಹೇಳುವ ಸ್ಥಿತಿಗೆ ಬಂದಿದ್ದೆ. ಬರಿಗೈಯಲ್ಲೇ ಬೆನ್ನು, ಕತ್ತು ಸರಿಮಾಡುವ ಈ ವಿದ್ಯೆ ಕಲಿತರೆ ಸಂಜೆಗೆ ಕ್ಲಿನಿಕ್ಕಿನ ಬಾಗಿಲು ಹಾಕಿ ಮನೆಗೆ ಬಂದು, ರಾತ್ರಿ ಎಲ್ಲರಂತೆ ಮಲಗಬಹುದು. “ಮೊದ್ಲು ಸೀಟು ಸಿಗ್ಲಿ, ಆಮೇಲೆ ಮಲಗೋ ಕನಸು ಕಾಣು” ಎಂದ ನನ್ನ ಗಂಡ ಶ್ರೀಧರ.

ಸೀಟಿಗೆ ಮುಂಚೆ ಒಂದು ಶನಿವಾರ ಕೈಪರೀಕ್ಷೆ. ಕೋರ್ಸಿನ ಟೀಚರಮ್ಮ, ಕತ್ತು ಹಿಡಿದು ತಿರುಗಿಸಲಾರದ ಹೆರ್ ವೆಬರ್ ಎಂಬ ಅಜ್ಜನನ್ನು ಮೇಜಿನ ಮೇಲೆ ಮಲಗಿಸಿ, ಅವರ ತಲೆಯನ್ನು ನನ್ನ ಅಂಗೈಗಳಲ್ಲಿಟ್ಟರು. “ಏನೂ ಮಾಡಬೇಡಿ. ಕೈಗೆ ಏನು ತಿಳಿಯುತ್ತದೋ ಗಮನಿಸಿ” ಎಂದರು. ಏನೂ ಮಾಡದೆ ಇರುವುದು ನಮ್ಮ ವಂಶಕ್ಕೇ ಒಗ್ಗದ ಕೆಲಸ. ಅಜ್ಜ ಕಣ್ಣು ಮುಚ್ಚಿ, ಎರೆದು ಮಲಗಿಸಿದ ಕೂಸಿನಂತೆ ನಗುತ್ತಿದ್ದರು. ನನಗೆ ಮುದ್ದು ಉಕ್ಕಿಬಂತು. ಮೈಸೂರಿನಲ್ಲಿ ನಮ್ಮಜ್ಜಿ ಬೀದಿಯ ಕೂಸುಗಳಿಗೆಲ್ಲ ಮಾಡುತ್ತಿದ್ದುದನ್ನೇ ನನ್ನ ಕೈಗಳು ನನ್ನನ್ನು ಕೇಳದೆ ಮಾಡಿಬಿಟ್ಟವು: ಅಜ್ಜನ ಕೆನ್ನೆ ನೀವಿ, ನನ್ನ ಹಣೆಯ ಎರಡೂ ಬದಿಗೆ ಒತ್ತಿ, ಲಟಲಟನೆ ನೆಟಿಕೆ ಮುರಿದವು.

ಹೆರ್ ವೆಬರ್ ಎದ್ದು ಕೂತರು. ಕತ್ತನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. “ಬಿಟ್ಟುಹೋಯಿತು” ಎಂದರು.

“ಆ ಸದ್ದು ನಿಮ್ಮದಲ್ಲ, ನನ್ನ ಬೆರಳಿನದು. ದೃಷ್ಟಿ ತೆಗೆದೆ, ಅಷ್ಟೇ” ಎಂದೆ.

“ಫ್ರಾವ್ ಡಾಕ್ಟರ್, ನನ್ನ ಕತ್ತು ನನಗೆ ಗೊತ್ತಿಲ್ಲವೇ?”

ಟೀಚರಮ್ಮ ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಈಗಷ್ಟೇ ಮುರಿದ ನೆಟಿಕೆ ಮತ್ತೆ ಬರುತ್ತದೆಯೇ? ಹಣೆ ನೋಯುವಷ್ಟು ಒತ್ತಿದೆ. ಒಂದು ಬೆರಳೂ ಮಾತಾಡಲಿಲ್ಲ. ಸೀಟಿಗೆಂದು ಬಂದಿದ್ದ ಅಷ್ಟೂ ಜನರ ಮುಂದೆ ಮಾನ ಹೋಯಿತು. ಆಕೆ ನಗು ತಡೆದುಕೊಂಡು, “ಸೀಟು ಕೊಡುತ್ತೇನೆ. ಕ್ಲಾಸಿನಲ್ಲಿ ಮಾತ್ರ ನಿಮ್ಮ ಮೂಳೆಗಳು ಸುಮ್ಮನಿರಲಿ” ಎಂದರು.

ಶ್ರೀಧರ ಈ ಸುದ್ದಿಯನ್ನು ಹೆಮ್ಮೆಯಿಂದ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದ. “ಅಕ್ಕಾ, ಲ್ಯಾಪ್‌ಟಾಪ್ ನೋಡಿ ನೋಡಿ ಕತ್ತು ಹಿಡ್ಕೊಂಡ್ಬಿಟ್ಟಿದೆ, ಐದೇ ನಿಮಿಷ” ಎನ್ನುತ್ತಾ ಒಬ್ಬೊಬ್ಬರಾಗಿ ಬರತೊಡಗಿದರು. ಕೋರ್ಸ್ ಇನ್ನೂ ಶುರುವಾಗಿಲ್ಲ, ರಾತ್ರಿ ಡ್ಯೂಟಿ ಇನ್ನೂ ಮುಗಿದಿಲ್ಲ. ಮೊದಲೆಲ್ಲ ಹಗಲಾದರೂ ಮಲಗುತ್ತಿದ್ದೆ.