ಹೊರಸು ಕೊಡವಿ ಬೀಗರನ್ನು ನೋಡಿದ ಕಾಕಾ

ನಮ್ಮ ಕಾಕಾ ಯಾರ ಮನೆಗೆ ಹೋದರೂ ಆ ಮನೆಯ ಮನುಷ್ಯರನ್ನು ನೋಡಿದ್ದೇ ಇಲ್ಲ! ಕುರುಡನಲ್ಲ ಮತ್ತೆ, ಹದ್ದಿನ ಕಣ್ಣು. ಆದರೆ ಆ ಕಣ್ಣು ಮೊದಲು ಮೇಲಿನ ಜಂತಿಗೆ ಹೋಗುತ್ತಿತ್ತು, ಅಲ್ಲಿಂದ ಗೋಡೆಯ ಬಿರುಕಿಗೆ, ಅಲ್ಲಿಂದ ಕೂಡಲು ಹಾಕಿದ ಹಗ್ಗದ ಹೊರಸಿನ ಕಾಲಿಗೆ. ಅಷ್ಟರಲ್ಲಿ ಮನೆಯವರು ಮೂರು ಸಲ "ಆರಾಮ ಅದೀರೇನ್ರಿ?" ಎಂದು ಕೇಳಿ ಸುಸ್ತಾಗಿರುತ್ತಿದ್ದರು. ಆಮೇಲೆ ಕಾಕಾನ ಉತ್ತರ: "ನಿಮ್ಮ ಜಂತಿಗೆ ಒರಲಿ ಹತ್ಯಾವ್ರಿ, ಕಟಿಗಿ ತಿಂದು ಹಾಕ್ಯಾವ."

ಇಂಥವನ ಕೈಯಲ್ಲಿ ನನ್ನ ಮದುವೆ! ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಮಸ್ಕಿಯ ನಮ್ಮ ಮಣ್ಣಿನ ಮಾಳಿಗೆ ಮನೆಯಲ್ಲಿ ಅವ್ವ, ನಾನು, ಅಪ್ಪನ ತಮ್ಮನಾದ ಈ ಕಾಕಾ, ಇಷ್ಟೇ ಜನ. ನಿಜಾಮನ ಸರಕಾರ ಇದ್ದಾಗ ಅವನು ಧಾನ್ಯದ ಗೋದಾಮಿನಲ್ಲಿ ಗುಮಾಸ್ತನಾಗಿದ್ದ. ಸರಕಾರ ಹೋಯಿತು, ನೌಕರಿಯೂ ಹೋಯಿತು, ತನಿಖೆ ಮಾಡುವ ಚಟ ಮಾತ್ರ ಉಳಿಯಿತು. ಜೋಳದ ಚೀಲಕ್ಕೆ ಮೂಗು ಹಚ್ಚಿ ನುಸಿ ಎಷ್ಟು ದಿನದ್ದು ಎಂದು ಹೇಳುವವನಿಗೆ ಮಸ್ಕಿಯಲ್ಲಿ ಇನ್ನೇನು ಕೆಲಸ ಸಿಕ್ಕೀತು? ಓಣಿಯ ಮನೆಮನೆ ಹೊಕ್ಕು ಪುಕ್ಕಟೆ ಎಚ್ಚರಿಕೆ ಕೊಡುತ್ತ ತಿರುಗಿದ. "ನೊಣ ಕುಂತ ಬೆಲ್ಲ ತಿನ್ನಬ್ಯಾಡ್ರಿ, ವಾಂತಿಭೇದಿ ಆಗ್ತೈತಿ!" "ಇಲಿ ತಾನಾಗೇ ಸತ್ತು ಬಿದ್ರ ಮುಟ್ಟಬ್ಯಾಡ್ರಿ, ಮನಿ ಬಿಟ್ಟು ಹೊರಗ ನಡೀರಿ, ಪಿಲೇಗು!" ಒಮ್ಮೆ ಎದುರುಮನೆಯ ಅಜ್ಜಿ ಕಟ್ಟೆಯ ಮೇಲೆ ಮಲಗಿದ್ದಾಗ ಅವಳ ತಲೆಯ ಕೆಳಗಿನ ದಿಂಬನ್ನೇ ಎಳೆದು ತಿಗಣಿ ಹುಡುಕಿದ. ಅಜ್ಜಿ ಎದ್ದು ಬೈದ ಬೈಗುಳಕ್ಕೆ ತಿಗಣಿಗಳೇ ಓಣಿ ಬಿಟ್ಟು ಹೋದವಂತೆ.

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆಯನ್ನು ನೋಡಿ ಬರಬೇಕು. ಮನಸ್ಸಿಗೆ ಬಂದರೆ ಅವರು ಕೊಟ್ಟ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಸಕ್ಕರೆ ಗಂಟಲಿಗೆ ಇಳಿಯಿತೆಂದರೆ ಮಾತು ಮುಗಿದಂತೆ. ಎಲ್ಲರೂ ಹೊಲ ನೋಡುತ್ತಾರೆ, ದನ ನೋಡುತ್ತಾರೆ, ವರನ ಹಲ್ಲು ನೋಡುತ್ತಾರೆ. ನಮ್ಮ ಕಾಕಾ?

ಮೊದಲ ವರ ಲಿಂಗಸುಗೂರಿನವನು. ಅಲ್ಲಿ ಕಾಕಾ ಕೂಡಲು ಹಾಕಿದ್ದ ಹೊರಸಿನ ಮೇಲಿನ ಜಮಖಾನೆ ಕಿತ್ತೆಸೆದ. ಹೊರಸನ್ನು ಅಂಗಳಕ್ಕೆ ಎಳೆದು ನಾಲ್ಕೂ ಕಾಲುಗಳನ್ನು ನೆಲಕ್ಕೆ ದಬದಬ ಬಡಿದ. ಬಗ್ಗಿ, ಉದುರಿದ ತಿಗಣಿ ಎಣಿಸಿ, "ಇಪ್ಪತ್ತಮೂರು!" ಎಂದು ಸಾರಿದ. ಜೊತೆಗೆ ಹೋಗಿದ್ದ ನಮ್ಮ ಸೋದರಮಾವ ನಾಚಿಕೆಯಿಂದ ಸಾಯುವುದೊಂದು ಬಾಕಿ.

"ವರಾ ಅಲ್ಲಿ ನಿಂತಾನ್ರಿ, ಅವನ್ನ ನೋಡ್ರಿ," ಎಂದರಂತೆ ಬೀಗರು.

"ನೋಡೀನ್ರಿ. ಕುತಗಿ ತುಂಬ ದದ್ದು. ತಿಗಣಿ ಜೀವಾ ತಗಿಯಂಗಿಲ್ಲ, ನಿದ್ದಿ ತಗೀತೈತಿ. ನಿದ್ದಿಗೆಟ್ಟ ಗಂಡಸು ಹೇಂತಿ ಮ್ಯಾಲೆ ಸಿಟ್ಟು ತೀರಿಸ್ತಾನ." ಸಕ್ಕರೆ ತಟ್ಟೆಯಲ್ಲೇ ಉಳಿಯಿತು.

ಎರಡನೆಯದು ಸಿಂಧನೂರಿನ ಅಂಗಡಿಕಾರರ ಮನೆ. ಕಾಲುವೆಯ ಕೆಲಸ ನಡೆದು ಅಂಗಡಿಗಳಿಗೆ ಒಳ್ಳೆಯ ವ್ಯಾಪಾರ ಹತ್ತಿದ್ದ ಕಾಲ. ಪಡಸಾಲೆಯಲ್ಲಿ ಫಳಫಳ ಹೊಳೆಯುವ ಹಸಿರು ಬಣ್ಣದ ಕಂಬ. "ನಮ್ಮ ಅಜ್ಜನ ಕಾಲದ್ದು ರೀ," ಎಂದು ಯಜಮಾನರು ಎದೆ ಉಬ್ಬಿಸಿದರು. ಕಾಕಾ ಕಂಬಕ್ಕೆ ಬೆರಳು ಒತ್ತಿದ. ಬೆರಳು ಎರಡು ಗೆಣ್ಣಿನ ತನಕ ಒಳಗೆ ಹೋಯಿತು!

"ಅಜ್ಜನೂ ಹೋಗ್ಯಾನ, ಕಂಬಾನೂ ಹೋಗೈತಿ. ಮಾಳಗಿ ಹೊತ್ತು ನಿಂತದ್ದು ಬರೇ ಬಣ್ಣಾ ರೀ!"

ಈ ಸುದ್ದಿ ಹಬ್ಬಿ ಮೂರನೆಯ ಮನೆಯವರು ಹುಷಾರಾದರು. ಜವಳಗೇರಾದ ಆ ಪುಣ್ಯಾತ್ಮರು ಎಂಟು ದಿನ ಬೇವಿನ ಹೊಗೆ ಹಾಕಿ, ಸುಣ್ಣ ಬಳಿದು, ಮೂಲೆಮೂಲೆ ಕೆರೆದು ಕಾದಿದ್ದರು. "ನಮ್ಮ ಮನ್ಯಾಗ ಒಂದು ಹುಳಾನೂ ಇಲ್ರಿ!" ಎಂದರು. ಕಾಕಾ ಒಂದು ತಾಸು ಹುಡುಕಿದ. ನಿಜಕ್ಕೂ ಇರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ತಿರುಗಿ ಬಂದ.

"ಇರವಿ ಸೈತ ಇಲ್ಲ. ಇರವಿ ಬರಲಾರದ ಮನ್ಯಾಗ ಉಣ್ಣಾಕ ಏನಿರ್ತೈತಿ?"

ಅವ್ವ ಹಣೆ ಹಣೆ ಚಚ್ಚಿಕೊಂಡಳು. "ಹುಳಾ ಇದ್ರೂ ಬ್ಯಾಡ, ಇರಲಿಲ್ಲಂದ್ರೂ ಬ್ಯಾಡ! ನನ್ನ ಮಗಳಿಗೆ ಲಗ್ನಾ ಮಾಡ್ತೀಯೋ ಇಲ್ಲೋ?"

ವರ ನೋಡಲು ಹತ್ತಿ ಎರಡು ವರ್ಷವಾಗಿ, ನನಗೂ ಇಪ್ಪತ್ತು ತುಂಬಿತ್ತು. ನನ್ನ ಜೊತೆ ಆಡಿದವರ ಕೂಸುಗಳು ನಡೆಯುತ್ತಿದ್ದವು. ಮಸ್ಕಿಯ ಆ ಮನೆಗೆ ಹೆಣ್ಣು ಕೇಳಿದರೆ ಬೀಗ ಹೊರಸು ಬಡಿಯಲು ಬರುತ್ತಾನೆ ಎಂದು ಸುದ್ದಿಯಾಗಿ, ಕೇಳುವವರೇ ನಿಂತುಹೋಗಿದ್ದರು. ಹೀಗೇ ಉಳಿದುಬಿಡುತ್ತೇನೆಂಬ ಹೆದರಿಕೆ ನನಗೆ ಸುರುವಾಗಿತ್ತು. ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿಯೇ ಬಿಟ್ಟೆ: "ಕಾಕಾ, ನನಗ ನುಸಿ ಹತ್ತಿದ ಮ್ಯಾಲೆ ಕೊಡ್ತೀಯೇನು?" ಕಾಕಾ ಆ ದಿನ ಎರಡನೇ ರೊಟ್ಟಿ ಕೇಳಲಿಲ್ಲ.

ಕಡೆಗೆ ಪಾಮನಕಲ್ಲೂರಿನಿಂದ ಒಂದು ಮಾತು ಬಂತು. ಒಕ್ಕಲುತನದವರು, ತಾಯಿ ಮಗ ಇಬ್ಬರೇ. ಕಾಕಾ ಹೋಗಿ ಎಂದಿನಂತೆ ಜಂತಿಗೆ ಕಣ್ಣು ಹಚ್ಚಿ, "ಮನ್ಯಾಗ ಏನೇನ್ ಅದಾವ್ರಿ?" ಎಂದ.

"ಏನೇನ್ ಇಲ್ಲಂತ ಕೇಳ್ರಿ!" ಎಂದಳಂತೆ ವರನ ತಾಯಿ. "ಇಲಿ ಅದಾವ. ಜೋಳದಾಗ ನುಸಿ ಐತಿ. ಚೇಳಂತೂ ಹಿತ್ತಲ ಗ್ವಾಡಿ ಸಂದ್ಯಾಗ ಸಂಸಾರನ ಹೂಡ್ಯಾವ. ಹ್ವಾದ ವರ್ಷ ನನಗ ಕಡದಿತ್ತು, ಸತ್ತು ಬದುಕೀನಿ. ನಿಮ್ಮ ಹುಡಿಗಿ ಬಂದ ದಿನಾನ ಆ ಜಾಗಾ ತೋರಿಸಿ, ಕೈ ಹಾಕಬ್ಯಾಡ ಅಂತ ಹೇಳ್ತೀನಿ."

ಕಾಕಾ ಜಂತಿಯಿಂದ ಕಣ್ಣಿಳಿಸಿ ಆ ಹೆಂಗಸಿನ ಮುಖ ನೋಡಿದನಂತೆ. ಹಾಗೇ ಕುಕ್ಕರಿಸಿದ. ಯಾರೂ ಕೊಡುವ ಮೊದಲೇ ತಟ್ಟೆಗೆ ಕೈ ಹಾಕಿ ಒಂದು ಮುಷ್ಟಿ ಸಕ್ಕರೆ ಮುಕ್ಕಿದ!

ಮನೆಗೆ ಬಂದ ಮೇಲೆ ಅವ್ವ ರಂಪ ಮಾಡಿದಳು. "ತಿಗಣಿಗೆ ಒಲ್ಲೆ ಅಂದಾವ ಚೇಳಿನ ಮನೀಗೆ ಕೊಡ್ತೀಯಾ?"

"ಚೇಳು ಎಲ್ಲಾರ ಮನ್ಯಾಗೂ ಅದಾವ ವೈನಿ. ಆಕಿ ಹೇಳಿದ್ಲು," ಎಂದ ಕಾಕಾ.

ಲಗ್ನವಾಯಿತು. ಗಂಡನ ಮನೆಗೆ ಹೋದ ದಿನವೇ ಅತ್ತೆ ನನ್ನನ್ನು ಹಿತ್ತಲಿಗೆ ಕರೆದೊಯ್ದರು. ಗೋಡೆಯಲ್ಲಿ ಒಂದು ಸಂದೂ ಇರಲಿಲ್ಲ. ಕೆಳಗಿನಿಂದ ಮೇಲಿನವರೆಗೆ ಹೊಸ ಮಣ್ಣು ಮೆತ್ತಿತ್ತು, ಒಣಗಿದ ಮಣ್ಣಿನ ತುಂಬ ಬೆರಳಿನ ಗುರುತು.

"ಲಗ್ನಕ್ಕ ಮುಂಚೆ ನಿಮ್ಮ ಕಾಕಾ ಇಲ್ಲಿ ನಾಕು ದಿನ ಇದ್ದ. ಆಳು ಹಚ್ಚತೀನಂದ್ರ ಕೇಳಲಿಲ್ಲ, ತಾನ ಮಣ್ಣು ತುಳದು ಮೆತ್ಯಾನ," ಎಂದರು ಅತ್ತೆ. ಆಮೇಲೆ ಮೆಲ್ಲಗೆ ಕೇಳಿದರು: "ನಿಮ್ಮ ಚಿಗವ್ವ ಹೆಂಗ ಸತ್ಲು, ಗೊತ್ತೇನು?"

ಕಾಕಾನ ಹೆಂಡತಿ ನಾನು ಹುಟ್ಟುವ ಮೊದಲೇ ಹೋದಳೆಂದು ಮಾತ್ರ ನನಗೆ ಗೊತ್ತಿತ್ತು. ಅವ್ವ ಆ ಮಾತು ತೆಗೆಯುತ್ತಿರಲಿಲ್ಲ. ಕಾಕಾ ನಮ್ಮ ಯಾರಿಗೂ ಹೇಳದ್ದನ್ನು ಈ ಅತ್ತೆಗೆ ಹೇಳಿದ್ದ. ಹೊಸದಾಗಿ ಬಂದ ಚಿಗವ್ವ, "ಇಲ್ಲಿ ಚೇಳು ಅದಾವೇನ್ರಿ?" ಎಂದು ಕೇಳಿದ್ದಳಂತೆ. ತವರಿನವರ ಮುಂದೆ ತನ್ನ ಮನೆ ಕಡಿಮೆಯಾಗಬಾರದೆಂದು ಕಾಕಾ, "ನಮ್ಮ ಮನ್ಯಾಗ ಒಂದೂ ಇಲ್ಲ," ಎಂದಿದ್ದನಂತೆ. ಅವಳು ನಂಬಿದಳು. ಮರುದಿನ ಒಲೆ ಹಚ್ಚಲು ಸಗಣಿ ಕುಳ್ಳಿನ ರಾಶಿಗೆ ನೋಡದೆ ಕೈ ಹಾಕಿದಳು.

ನಾನು ಆ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಎರಡು ವರ್ಷ ಅವನನ್ನು ಎಷ್ಟು ಬೈದಿದ್ದೆ!

ಪಂಚಮಿ ಹಬ್ಬಕ್ಕೆ ನನ್ನನ್ನು ತವರಿಗೆ ಕರೆಯಲು ಕಾಕಾನೇ ಬಂದ. ನೀರಿನ ತಂಬಿಗೆ ಇಸಿದುಕೊಳ್ಳುತ್ತ ಕೇಳಿದ: "ಚೇಳು ಗೀಳು ಬಂದಿದ್ವೇನು?"

ಅವನಿಗೆ ನೋವಾಗಬಾರದು, ಒಂದೂ ಇಲ್ಲ ಎನ್ನಬೇಕು ಎಂದು ಮಾತು ತುಟಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ಎರಡು ಬಂದಿದ್ವು ಕಾಕಾ. ಹೊಡದೀನಿ," ಎಂದೆ.

ಕಾಕಾ ತಂಬಿಗೆಯನ್ನು ಕೆಳಗಿಟ್ಟು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡ. ಬಸ್ಸಿನ ಹೊತ್ತು ಮೀರುತ್ತದೆಂದು ಅತ್ತೆ ಎರಡು ಸಲ ಕೂಗಿದರೂ ಬಿಡಲಿಲ್ಲ.