ಬಿಗಿಯಾದ ಮೇಲೆ ಇನ್ನು ಮೂರು ಸುತ್ತು

ಮುಳಬಾಗಿಲಿನಲ್ಲಿ ಶಾಮಿಯಾನದ ಯುಗ ಮುಗಿಯಿತು ಎಂದು ನಾನು ಘೋಷಿಸಿದ್ದು ಒಂದು ಗುರುವಾರ ಬೆಳಿಗ್ಗೆ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು. ಸಭಿಕರು ಇಬ್ಬರು. ಒಬ್ಬಳು ನನ್ನ ಹೆಂಡತಿ ಭಾರತಮ್ಮ, ಇನ್ನೊಬ್ಬಳು ಅವಳ ತಂಗಿ ಮುನಿಲಕ್ಷ್ಮಿ. ಇಬ್ಬರೂ ಉದ್ದಿನಬೇಳೆ ಆರಿಸುತ್ತಿದ್ದರು. ಚಪ್ಪಾಳೆ ಬರಲಿಲ್ಲ.

"ಶಾಮಿಯಾನ ಬೇಡ ಅಂದ್ರೆ ಜನ ಬಿಸಿಲಲ್ಲಿ ಕೂತು ದೋಸೆ ತಿಂತಾರಾ?" ಎಂದಳು ಭಾರತಮ್ಮ, ತಲೆ ಎತ್ತದೆ.

"ಛತ್ರಿ ತರಿಸ್ತಾ ಇದೀನಿ ಕಣೇ!"

"ಛತ್ರೀನಾ? ಒಂದು ಕೈಲಿ ಛತ್ರಿ ಹಿಡ್ಕೊಂಡು ಒಂದು ಕೈಲಿ ದೋಸೆ ತಿಂದ್ರೆ, ನೊಣ ಓಡ್ಸೋಕೆ ಕೈ ಎಲ್ಲಿಂದ ತರೋದು?"

ಪಾಪ, ಅವಳ ಕಲ್ಪನೆ ಅಷ್ಟೇ. ನಾನು ಹೇಳಿದ್ದು ದೊಡ್ಡ ದೊಡ್ಡ ರೆಸಾರ್ಟುಗಳ ಹುಲ್ಲುಹಾಸಿನ ಮೇಲೆ ನಿಂತಿರುತ್ತವಲ್ಲ, ಆ ಜಾತಿಯ ಛತ್ರಿ. ಹತ್ತಡಿ ಅಗಲ. ಕಂಬಕ್ಕೆ ಒಂದು ಹ್ಯಾಂಡಲ್. ಹ್ಯಾಂಡಲ್ ತಿರುಗಿಸಿದರೆ ಕಂಬದೊಳಗಿನ ಹಗ್ಗ ರಾಟೆಯ ಮೇಲೆ ಹಾದು ಛತ್ರಿಯನ್ನು ಬಿಚ್ಚುತ್ತದೆ. ಸಾಲದ್ದಕ್ಕೆ, ಸೂರ್ಯ ಯಾವ ಕಡೆಯಿಂದ ಬಂದರೆ ಆ ಕಡೆಗೆ ಬಾಗುತ್ತದೆ ಎಂದು ಜಾಹೀರಾತಿನಲ್ಲಿ ಬರೆದಿತ್ತು. ಸೂರ್ಯನಿಗೇ ಸಡ್ಡು ಹೊಡೆಯುವ ಯಂತ್ರ!

ವಿಷಯ ಇಷ್ಟು. ಭಾರತಮ್ಮ ಹತ್ತು ವರ್ಷದಿಂದ ಕಂಡವರ ಮನೆಯ ಗೃಹಪ್ರವೇಶ, ನಾಮಕರಣಗಳಿಗೆಲ್ಲ ದೋಸೆ ಹುಯ್ದು ಹುಯ್ದು, ಕೊನೆಗೆ ತನ್ನದೇ ದೋಸೆ ಹೋಟೆಲು ಮಾಡುವ ಹಟ ಹಿಡಿದಿದ್ದಳು. ಮನೆ ಮುಂದಿನ ಅಂಗಳ, ನಾಲ್ಕು ಮೇಜು, ಒಂದು ಹೆಂಚು. ಭಾನುವಾರ ಪ್ರಾರಂಭೋತ್ಸವ. "ಈ ಒಂದು ದಿನ ನೆಟ್ಟಗೆ ನಡೀಲಿ, ಆಮೇಲೆ ನೀವು ಏನ್ ಬೇಕಾದ್ರೂ ಮಾಡ್ಕೊಳ್ಳಿ" ಎಂದು ಅವಳು ನನ್ನಲ್ಲಿ ಕೈಮುಗಿದು ಕೇಳಿಕೊಂಡಿದ್ದಳು. ಮದುವೆಯಾದ ಮೇಲೆ ಅವಳು ನನಗೆ ಕೈಮುಗಿದದ್ದು ಅದೇ ಮೊದಲು.

ಇನ್ನು ನನ್ನ ಪರಿಚಯ. ನಾನು ಕೋದಂಡರಾಮಪ್ಪ, ಮೂವತ್ತು ವರ್ಷದಿಂದ ಬೋರ್‌ವೆಲ್ ಮೋಟರ್ ಮೆಕ್ಯಾನಿಕ್. ಸಾವಿರದ ಇನ್ನೂರು ಅಡಿ ಆಳದಲ್ಲಿ ಮುನಿಸಿಕೊಂಡು ಕೂತ ಮೋಟರುಗಳನ್ನು ಮೇಲೆತ್ತಿ, ಬೈದು, ಬುದ್ಧಿ ಹೇಳಿ ಮತ್ತೆ ಇಳಿಸಿದವನು. (ನಮ್ಮ ಮನೆಯ ಬೋರು ಬತ್ತಿ ಆರು ವರ್ಷವಾಯಿತು. ಆ ಮಾತು ಇಲ್ಲಿ ಬೇಡ.) ಈ ಕಸುಬಿನಲ್ಲಿ ನನ್ನ ಗುರುಗಳು ಕಿವಿ ಹಿಂಡಿ ಕಲಿಸಿದ ಮಂತ್ರ ಒಂದೇ. ಯಾವುದನ್ನೇ ತಿರುಗಿಸು, ಬಿಗಿಯಾದ ಮೇಲೆ ಇನ್ನು ಮೂರು ಸುತ್ತು! ಬಿಗಿಯಾಯಿತು ಎಂದು ಅಲ್ಲಿಗೇ ಕೈಬಿಟ್ಟ ಎಷ್ಟೋ ಮೆಕ್ಯಾನಿಕ್‌ಗಳ ಪೈಪುಗಳು ಇವತ್ತಿಗೂ ನಮ್ಮ ತಾಲ್ಲೂಕಿನ ಪಾತಾಳದಲ್ಲಿ ಬಿದ್ದಿವೆ. ನನ್ನದು ಒಂದೂ ಇಲ್ಲ. ಮನೆಯ ನಲ್ಲಿ, ಗ್ಯಾಸಿನ ರೆಗ್ಯುಲೇಟರ್, ಉಪ್ಪಿನಕಾಯಿ ಜಾಡಿಯ ಮುಚ್ಚಳ, ಎಲ್ಲಕ್ಕೂ ಅದೇ ಮೂರು ಸುತ್ತು. ನಾನು ಮುಚ್ಚಿದ ಜಾಡಿ ತೆಗೆಯಲು ಭಾರತಮ್ಮ ಪಕ್ಕದ ಮನೆಯವರನ್ನು ಕರೆಯುತ್ತಾಳೆ.

ಶುಕ್ರವಾರ ಶಾಮಿಯಾನದ ಖುದ್ದೂಸ್ ಬಂದ. ನಮ್ಮ ಮದುವೆಯಿಂದ ಹಿಡಿದು ಎಲ್ಲ ಶುಭಕಾರ್ಯಕ್ಕೂ ನೆರಳು ಕೊಟ್ಟವನು ಅವನೇ.

"ಏನ್ ಕೋದಂಡಣ್ಣ, ಭಾನುವಾರಕ್ಕೆ ನಾಲ್ಕು ಕಂಬ ನೆಡ್ಲಾ?"

"ಬೇಡ ಖುದ್ದೂಸ್. ಈ ಸಲ ಒಂದೇ ಕಂಬ. ಟೆಕ್ನಾಲಜಿ!"

"ಅರೆ ಭಾಯ್, ನಾಲ್ಕು ಕಂಬ ಇದ್ರೂನೂ ಗಾಳಿಗೆ ನಾನು ಅಲ್ಲಾನ ನೆನೀತೀನಿ. ಒಂದು ಕಂಬ ನಂಬ್ಕೊಂಡು ನೀವು ಯಾರನ್ನ ನೆನೀತೀರಾ?"

"ನನ್ನನ್ನೇ ನೆನೀತೀನಿ!" ಎಂದೆ. ಅವನು ಗಡ್ಡ ನೀವಿಕೊಂಡು, ಹೊರಟುಹೋದ.

ಶನಿವಾರ ಛತ್ರಿ ಬಂತು. ಪೆಟ್ಟಿಗೆಯಲ್ಲಿ ಒಂದು ಹಾಳೆಯೂ ಇತ್ತು, ತುಂಬ ಬಾಣದ ಗುರುತುಗಳು, ಬೊಂಬೆಗಳು. ಮೂವತ್ತು ವರ್ಷದ ಅನುಭವಕ್ಕೆ ಬೊಂಬೆ ನೋಡುವ ಗತಿ ಬಂದಿಲ್ಲ ಎಂದು ಅದನ್ನು ಪಕ್ಕಕ್ಕೆಸೆದೆ. ಮುನಿಲಕ್ಷ್ಮಿ ಎತ್ತಿಕೊಂಡು ಹೋಗಿ ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚಿದಳು.

ಛತ್ರಿ ನಿಲ್ಲುವುದಕ್ಕೆ ಪ್ಲಾಸ್ಟಿಕ್ಕಿನ ಒಂದು ಬುಡ. ಒಳಗೆ ಟೊಳ್ಳು, ನೀರು ತುಂಬಬೇಕು. ನಾನು ಸಂಪಿನಿಂದ ಬಿಂದಿಗೆ ಬಿಂದಿಗೆಯಾಗಿ ತಂದು ಸುರಿಯತೊಡಗಿದೆ. ಐದನೆಯ ಬಿಂದಿಗೆಗೆ ಭಾರತಮ್ಮ ಹೊರಗೆ ಬಂದಳು.

"ಏನ್ರೀ ಇದು? ನಲ್ಲಿ ಬಂದು ವಾರ ಆಯ್ತು, ಟ್ಯಾಂಕರ್‌ನೋನು ನಾಳೆ ಅಂತಾನೆ, ನೀವು ಛತ್ರಿಗೆ ನೀರು ಕುಡಿಸ್ತಾ ಇದೀರಾ?"

"ಬುಡ ಭಾರ ಇರ್ಬೇಕು ಕಣೇ. ಎಂಟು ಬಿಂದಿಗೆ ಬೇಕು."

"ಭಾರ ಬೇಕಾದ್ರೆ ನೀವೇ ಹತ್ತಿ ಕೂತ್ಕೊಳ್ಳಿ!"

ಅವತ್ತು ಆ ಅಂಗಳದಲ್ಲಿ ಯಾರಾದರೂ ಕೊಟ್ಟ ಅತ್ಯುತ್ತಮ ಎಂಜಿನಿಯರಿಂಗ್ ಸಲಹೆ ಅದೇ ಎಂದು ನನಗೆ ಆಮೇಲೆ ಗೊತ್ತಾಯಿತು.

ಎಂಟು ಬಿಂದಿಗೆಯೂ ಹೋಯಿತು. ಹ್ಯಾಂಡಲ್ ತಿರುಗಿಸಿದೆ. ಆಹಾ! ಛತ್ರಿ ನವಿಲಿನ ಹಾಗೆ ಬಿಚ್ಚಿಕೊಂಡಿತು. ರಸ್ತೆಯಲ್ಲಿ ಎರಡು ಆಟೊ ನಿಂತವು. ಹ್ಯಾಂಡಲ್ ಬಿಗಿಯಾಯಿತು. ನನ್ನ ಕೈ ತಾನಾಗಿಯೇ ಇನ್ನು ಮೂರು ಸುತ್ತು ತಿರುಗಿಸಿತು. ನೋಡುತ್ತೇನೆ, ಛತ್ರಿ ಸ್ವಲ್ಪ ಪೂರ್ವಕ್ಕೆ ವಾಲಿದೆ!

"ಬಾವಾ, ಸೊಟ್ಟಗೈತೆ" ಎಂದಳು ಮುನಿಲಕ್ಷ್ಮಿ.

"ಛತ್ರಿ ಸೊಟ್ಟ ಅಲ್ಲ ಕಣಮ್ಮ. ನೆಲ ಸೊಟ್ಟ!"

ಮನೆ ಕಟ್ಟಿದಾಗ ಉಳಿದ ಮಾಲೂರು ಇಟ್ಟಿಗೆ ಹಿತ್ತಲಿನಲ್ಲಿತ್ತು. ಒಂದನ್ನು ತಂದು ಬುಡದ ಪೂರ್ವ ಭಾಗದ ಕೆಳಗೆ ಒದ್ದು ಕೂರಿಸಿದೆ. ಛತ್ರಿ ನೆಟ್ಟಗಾಯಿತು. ನನಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ಆದರೆ ಬಾಗಿಸುವ ಹ್ಯಾಂಡಲ್ ಎಲ್ಲಿ? ಎಷ್ಟು ಹುಡುಕಿದರೂ ಒಂದೇ ಹ್ಯಾಂಡಲ್. ಎರಡನೆಯದನ್ನು ಪೆಟ್ಟಿಗೆಗೆ ಹಾಕಲು ಮರೆತಿದ್ದಾರೆ, ಅಯೋಗ್ಯರು ಎಂದು ಬೈದುಕೊಂಡು ಮಲಗಿದೆ.

ಇಲ್ಲಿ ಶ್ರೀರಾಮಪ್ಪ ಮೇಷ್ಟ್ರ ಕೈಗುಣದ ಬಗ್ಗೆ ಹೇಳಲೇಬೇಕು. ಇವರು ನಿವೃತ್ತ ಹೆಡ್‌ಮೇಷ್ಟ್ರು. ಮುಳಬಾಗಿಲಿನಲ್ಲಿ ಯಾರು ಅಂಗಡಿ ತೆರೆದರೂ ಬೋಣಿ, ಅಂದರೆ ಮೊದಲ ವ್ಯಾಪಾರ, ಇವರ ಕೈಯಿಂದಲೇ ಆಗಬೇಕು. ಇವರು ಅರ್ಧ ಕೆಜಿ ಮೊಳೆ ಕೊಂಡ ಅಂಗಡಿ ಇವತ್ತು ಮೂರು ಅಂತಸ್ತು. ಇವರು ಮೊದಲ ಕ್ಷೌರ ಮಾಡಿಸಿಕೊಂಡ ಸೆಲೂನಿಗೆ ಈಗ ಏಸಿ. ಆದರೆ ಮೇಷ್ಟ್ರ ಬೋಣಿಗೆ ಕಟ್ಟುನಿಟ್ಟು ನಿಯಮ. ಪೂರ್ವಕ್ಕೆ ಮುಖ ಮಾಡಿಯೇ ಕೂರುತ್ತಾರೆ. ಮುಗಿಯುವವರೆಗೆ ಒಂದು ಮಾತೂ ಆಡುವುದಿಲ್ಲ. ನಡುವೆ ಏಳುವುದಂತೂ ಇಲ್ಲವೇ ಇಲ್ಲ. ಎದ್ದರೆ ಬೋಣಿ ಕೆಟ್ಟಿತು, ಅಂಗಡಿಗೆ ಬೀಗ! ಹಿಂದೆ ಒಮ್ಮೆ ಒಂದು ಬೇಕರಿಯಲ್ಲಿ ಸೀನು ಬಂದು ಎದ್ದುಬಿಟ್ಟರಂತೆ. ಆ ಬೇಕರಿ ಎಲ್ಲಿತ್ತು ಎಂಬುದೇ ಈಗ ಯಾರಿಗೂ ನೆನಪಿಲ್ಲ.

ಭಾನುವಾರ ಬಂತು. ಮಾವಿನ ತೋರಣ, ಹೊಸ ಹೆಂಚು, ಹೊಸ ಸೀರೆ. ಭಾರತಮ್ಮ ಹೆಂಚಿಗೆ ಎರಡೆರಡು ಸಲ ಕುಂಕುಮ ಹಚ್ಚಿದಳು. ಅವಳ ತವರಿನವರು, ನೆಂಟರಿಷ್ಟರು ಎಲ್ಲ ಅಂಗಳದಲ್ಲಿ ಸೇರಿದ್ದರು. "ನೋಡೋಣಾಂತ ಬಂದೆ" ಎಂದು ಖುದ್ದೂಸ್ ಕೂಡ ಬಂದು ಗೋಡೆ ಒರಗಿ ನಿಂತಿದ್ದ. ಟ್ಯಾಂಕರ್ ಮಾತ್ರ ಬಂದಿರಲಿಲ್ಲ. ಆದರೂ ಮುನಿಲಕ್ಷ್ಮಿ ತಟ್ಟೆ ಲೋಟಗಳನ್ನೆಲ್ಲ ಫಳಫಳ ತೊಳೆದಿಟ್ಟಿದ್ದಳು. ನೀರು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಒಂಬತ್ತಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಛತ್ರಿಯ ಕಂಬಕ್ಕೆ ಬೆನ್ನು ಕೊಟ್ಟು, ಪೂರ್ವಕ್ಕೆ ಮುಖ ಮಾಡಿ ಕೂತರು. ಎದುರಿಗೆ ಪುಟ್ಟ ಮೇಜು. ತುಪ್ಪ ಹಾಕಿ ಗರಿಗರಿಯಾಗಿ ಹುಯ್ದ ದೋಸೆ ಬಂತು, ಪಕ್ಕದಲ್ಲಿ ಕೆಂಪು ಚಟ್ನಿ. ಮೇಷ್ಟ್ರು ಕಣ್ಣುಮುಚ್ಚಿ ನಮಸ್ಕರಿಸಿ ಮೊದಲ ತುತ್ತು ಮುರಿದರು.

ಪೂರ್ವ ದಿಕ್ಕಿನಲ್ಲಿ ಬೆಳಗಿನ ಒಂಬತ್ತಕ್ಕೆ ಏನಿರುತ್ತದೆ? ಸೂರ್ಯ! ಛತ್ರಿಯ ಅಂಚಿನ ಕೆಳಗಿಂದ ನುಗ್ಗಿ ನೇರ ಮೇಷ್ಟ್ರ ಕಣ್ಣಿಗೇ ಹೊಡೆಯುತ್ತಿದ್ದ. ಮೇಷ್ಟ್ರು ಕಣ್ಣು ಕಿರಿದು ಮಾಡಿದರು. ಮೂಗು ಏರಿಸಿದರು. ಆ ಮೂಗಿನ ತುದಿಯಲ್ಲಿ ಒಂದು ಸೀನು ತಯಾರಾಗುತ್ತಿರುವುದು ಎಲ್ಲರಿಗೂ ಕಾಣಿಸಿತು.

"ರೀ!" ಭಾರತಮ್ಮನ ಪಿಸುಮಾತು ರಸ್ತೆಯವರೆಗೆ ಕೇಳಿಸಿತು. "ಬೇಕರಿ ಗತಿ ಆಗ್ತದೆ! ಏನಾದ್ರೂ ಮಾಡ್ರಿ!"

ನನ್ನ ಕಾಲ ಬಂದಿತ್ತು. ಒಂದೇ ಜಿಗಿತಕ್ಕೆ ಹ್ಯಾಂಡಲ್ ಹಿಡಿದೆ. ಬೇರೇನೂ ತೋಚದೆ ಅದನ್ನೇ ತಿರುಗಿಸಿದೆ. ಕಟ್ ಎಂದು ಸದ್ದಾಯಿತು, ಛತ್ರಿಯ ತಲೆ ವಿನಯವಾಗಿ ಪೂರ್ವಕ್ಕೆ ಬಾಗಿತು! ಮೇಷ್ಟ್ರ ಮುಖಕ್ಕೆ ತಂಪು ನೆರಳು ಬಿತ್ತು. ಸೀನು ವಾಪಸು ಹೋಯಿತು. ನೆರೆದವರು "ಓಹೋ" ಎಂದರು. ಖುದ್ದೂಸ್ ಗೋಡೆ ಬಿಟ್ಟು ನೆಟ್ಟಗೆ ನಿಂತ. ಬಾಗಿಸುವುದಕ್ಕೂ ಅದೇ ಹ್ಯಾಂಡಲ್! ನಿನ್ನೆ ವಾಲಿದ್ದು ನೆಲವಲ್ಲ, ಛತ್ರಿಯೇ! ನಾನು ಗೆದ್ದಿದ್ದೆ. ಭಾರತಮ್ಮ ನನ್ನ ಕಡೆ ನೋಡಿ ನಕ್ಕಳು, ಹೊಸದಾಗಿ ಮದುವೆಯಾದಾಗ ನಗುತ್ತಿದ್ದ ಹಾಗೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹ್ಯಾಂಡಲ್ ಬಿಗಿಯಾಗಿತ್ತಲ್ಲ!

ಒಂದು. ಕಂಬ ಕಿರ್ರೆಂದಿತು.

"ಸಾಕು ಕೋದಂಡಣ್ಣ!" ಎಂದ ಖುದ್ದೂಸ್.

ಎರಡು. ಕಾಲ ಬುಡದಲ್ಲಿ ಇಟ್ಟಿಗೆ ಜರುಗಿತು.

"ಬಾವಾ, ಬೇಡ ಬಾವಾ! ಅದ್ರಲ್ಲಿ ನೀರಿಲ್ಲ! ಬೆಳಿಗ್ಗೆ ಪಾತ್ರೆ ತೊಳ್ಯೋಕೆ ನಾನೇ ಬಿರಡೆ ತೆಗೆದು ಹಿಡ್ಕೊಂಡೆ!"

ಮೂರು!

ಹ್ಯಾಂಡಲ್ ನನ್ನ ಕೈಗೆ ಬಂತು. ಇಟ್ಟಿಗೆ ಪಕ್ಕಕ್ಕೆ ಹಾರಿತು. ಹತ್ತಡಿ ಅಗಲದ ಛತ್ರಿ ನಿಧಾನವಾಗಿ, ಗೌರವದಿಂದ, ಮೇಷ್ಟ್ರ ಮೇಲೆ ಕವುಚಿಕೊಂಡಿತು. ಕೋಳಿಯ ಮೇಲೆ ಮಂಕರಿ ಮುಚ್ಚಿದ ಹಾಗೆ! ಮೇಷ್ಟ್ರಿಲ್ಲ, ಮೇಜಿಲ್ಲ, ದೋಸೆಯಿಲ್ಲ. ಅಂಚಿನಿಂದ ಹೊರಗೆ ಎರಡು ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು.

"ಅಯ್ಯಯ್ಯೋ, ಏಮಿ ಬಾವಾ ಇದಿ!" ಎಂದು ಮುನಿಲಕ್ಷ್ಮಿ ತೆಲುಗಿಗೆ ಇಳಿದಳು. ಅವಳು ಗಾಬರಿಯಾದರೆ ತೆಲುಗೇ.

"ಮೇಷ್ಟ್ರೇ!" ಎಂದೆ.

ಉತ್ತರವಿಲ್ಲ.

"ಮೇಷ್ಟ್ರೇ, ಪೆಟ್ಟಾಯ್ತಾ?"

ಉತ್ತರವಿಲ್ಲ. ಊರಿಗೆಲ್ಲ ಐಶ್ವರ್ಯ ಹಂಚಿದ ಕೈಯನ್ನು ನಾನು ಒಂದು ಛತ್ರಿಯಿಂದ ಮುಗಿಸಿಬಿಟ್ಟೆನೇ? ನಿಜ ಹೇಳುತ್ತೇನೆ, ಆಗ ನನಗೆ ಅಳುವೇ ಬಂದಿತ್ತು. ಖುದ್ದೂಸ್ ಓಡಿಬಂದು ಛತ್ರಿಯ ಅಂಚಿಗೆ ಕೈಹಾಕಿದ.

"ಎತ್ತಬೇಡಿ!" ಭಾರತಮ್ಮ ಸಟ್ಟುಗ ಹಿಡಿದೇ ಬಂದು ಅಡ್ಡ ನಿಂತಳು. ಮಂಡಿಯೂರಿ ಛತ್ರಿಯ ಬಟ್ಟೆಗೆ ಕಿವಿ ಹಚ್ಚಿದಳು.

ಒಳಗಿನಿಂದ ಸದ್ದು ಕೇಳಿಸಿತು. ಕರುಂ. ಕರುಂ. ಕರುಂ.

"ಯಾರೂ ಮುಟ್ಟಬೇಡಿ" ಎಂದಳು, ಕಣ್ಣಲ್ಲಿ ನೀರು. "ಮೇಷ್ಟ್ರು ತಿಂತಾ ಇದಾರೆ!"

ಅಷ್ಟು ಹೊತ್ತಿಗೆ ಹೆದ್ದಾರಿಯ ಕಡೆ ಹೊರಟ ಕಾರುಗಳು, ಲಾರಿಗಳು ಒಂದೊಂದಾಗಿ ನಿಲ್ಲತೊಡಗಿದವು. ಬೋರಲು ಬಿದ್ದ ಛತ್ರಿ, ಅದರ ಕೆಳಗೆ ಎರಡು ಕಾಲು, ಸುತ್ತ ಕೈಕಟ್ಟಿ ನಿಂತ ನಲವತ್ತು ಜನ! "ಯಾವ ದೇವ್ರು ಇದು?" ಎಂದು ಆಂಧ್ರದ ಮದನಪಲ್ಲಿ ಕಡೆಯ ಲಾರಿಯವನೊಬ್ಬ ಇಳಿದು ಚಪ್ಪಲಿ ಬಿಟ್ಟೇ ಒಳಗೆ ಬಂದ.

ಎಂಟು ನಿಮಿಷ. ಆಮೇಲೆ ಒಳಗೊಂದು ತೃಪ್ತಿಯ ತೇಗು. ಅದರ ಹಿಂದೆಯೇ ಮೇಷ್ಟ್ರ ಪಾಠದ ದನಿ:

"ಬೋಣಿ ಆಯ್ತಮ್ಮ. ದೋಸೆ ಅಮೋಘ. ಇನ್ನೊಂದು ಹಾಕು. ಹಾಗೇ ಯಾರಾದ್ರೂ ಕರೆಂಟ್ ಹಾಕ್ರಪ್ಪ, ಚಟ್ನಿ ಎಲ್ಲೈತೋ ಕಾಣ್ತಿಲ್ಲ."

ಹತ್ತು ಕೈ ಸೇರಿ ಛತ್ರಿ ಎತ್ತಿದೆವು. ಮೇಷ್ಟ್ರು ಕೂತಲ್ಲೇ ಕೂತಿದ್ದರು, ಪೂರ್ವಕ್ಕೆ ಮುಖ, ತಟ್ಟೆ ಖಾಲಿ. ಬೋಣಿಯ ನೋಟನ್ನು ಕೊಟ್ಟರು. ಭಾರತಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ನಿಂತಿದ್ದ ಜನವೆಲ್ಲ, ಆ ಲಾರಿಯವನೂ ಸೇರಿ, ಆ ಸ್ಥಿತಿಯಲ್ಲೂ ಬಿಡದೆ ತಿನ್ನುವಂಥ ದೋಸೆ ಯಾವುದು ನೋಡೋಣ ಎಂದು ಕೂತರು. ಹನ್ನೊಂದು ಗಂಟೆಗೆ ಹಿಟ್ಟು ತಳ ಕಂಡಿತು.

ಆ ಪಾತ್ರೆಯ ಮೇಲಿನ ಹಾಳೆಯನ್ನು ಖುದ್ದೂಸ್ ಬಿಡಿಸಿ ನನ್ನ ಮುಂದೆ ಹಿಡಿದ. ಮೊದಲ ಬೊಂಬೆಯಲ್ಲಿ ಬಿಚ್ಚಿದ ಛತ್ರಿ. ಎರಡನೆಯದರಲ್ಲಿ ಅದೇ ಹ್ಯಾಂಡಲ್ ಇನ್ನೂ ತಿರುಗಿಸಿದರೆ ಬಾಗುವ ಛತ್ರಿ. ಮೂರನೆಯದರಲ್ಲಿ ಮತ್ತೂ ತಿರುಗಿಸುತ್ತಿರುವ ಒಂದು ಕೈ, ಅದರ ಮೇಲೆ ಕೆಂಪು ಇಂಟು ಗುರುತು. ಆ ಕೈ ನೋಡಿದರೆ ನನ್ನದೇ ಇದ್ದ ಹಾಗಿತ್ತು. ಖುದ್ದೂಸ್ ಹಾಳೆ ಮಡಿಸಿ ನನ್ನ ಜೇಬಿಗೆ ತುರುಕಿ, ಹೊರಗೆ ನಿಲ್ಲಿಸಿದ್ದ ತನ್ನ ಗಾಡಿಯಿಂದ ನಾಲ್ಕು ಕಂಬ ಇಳಿಸಿದ.

ಈಗ ಅಂಗಳದಲ್ಲಿ ಶಾಮಿಯಾನವಿದೆ. ಛತ್ರಿಯ ಬುಡಕ್ಕೆ ಭಾರತಮ್ಮ ನಲ್ಲಿ ಹಾಕಿಸಿ ಗಿರಾಕಿಗಳು ಕೈತೊಳೆಯಲು ಇಟ್ಟಿದ್ದಾಳೆ. ಆ ನಲ್ಲಿಯನ್ನು ಮಾತ್ರ ನಾನು ಮುಟ್ಟಕೂಡದು. ದಿನಾ ಬೆಳಿಗ್ಗೆ ಬೋಣಿ ಆಗುವವರೆಗೆ ಗೇಟಿನೊಳಗೂ ಇರಕೂಡದು.

"ಅಲ್ಲ ಕಣೇ" ಎಂದೆ ಒಂದು ದಿನ, ಗೇಟಿನಾಚೆ ನಿಂತು. "ಅವತ್ತು ಅಷ್ಟು ಜನ ಸೇರಿದ್ದು ಯಾರಿಂದ? ವ್ಯಾಪಾರ ಕುದುರಿದ್ದು ಯಾರ ಕೈಯಿಂದ? ಸ್ವಲ್ಪ ನನಗೂ ಹೆಸರು ಬರಬೇಡ್ವಾ?"

ಭಾರತಮ್ಮ ಹೆಂಚಿನ ಮೇಲೆ ನೀರು ಚಿಮುಕಿಸಿ, ಚುರ್ ಎಂದ ಸದ್ದು ನಿಲ್ಲುವವರೆಗೆ ಕಾದಳು.

"ಬಂದಿದ್ಯಲ್ಲ! ಮೇಷ್ಟ್ರ ಕೈಗುಣ ಮೊದಲಿಂದಲೂ ಊರಿಗೆಲ್ಲ ಗೊತ್ತಿತ್ತು. ನಿಮ್ಮ ಕೈಗುಣ ಇಷ್ಟು ವರ್ಷ ನನಗೊಬ್ಬಳಿಗೇ ಗೊತ್ತಿತ್ತು. ಈಗ ಮದನಪಲ್ಲಿವರೆಗೂ ಗೊತ್ತಾಯ್ತು!"