ಜಗಲಿ ಕಂಡರೆ ನೋಯುವ ಮಂಡಿ

ನಮ್ಮ ಸೋದರಮಾವನ ಮಂಡಿಗೆ ಬುದ್ಧಿ ಇದೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ಮಂಡಿ, ನನ್ನ ಮಂಡಿ ಹೊತ್ತುಗೊತ್ತಿಲ್ಲದೆ ನೋಯುತ್ತವೆ. ಬಸ್ಸಿನಲ್ಲಿ ನಿಂತಾಗ, ಮೆಟ್ಟಿಲು ಹತ್ತುವಾಗ, ಮೋಡ ಕವಿದಾಗ. ಮಾವನ ಮಂಡಿ ಅಂಥ ಅವಿವೇಕದ ಮಂಡಿಯಲ್ಲ. ಕೂರಲು ಜಾಗ ಇರುವ ಕಡೆ ಮಾತ್ರ ಅದು ನೋಯುತ್ತದೆ! ಎದುರಿಗೊಂದು ಜಗಲಿ ಕಂಡಿತೋ, ಮಾವ ‘ಅಯ್ಯಪ್ಪಾ’ ಎಂದು ಬಲಗಾಲು ಹಿಡಿದುಕೊಂಡರೆಂದೇ ಲೆಕ್ಕ. ಕೂತು ಎದ್ದರೆ ನೋವು ಮಾಯ. ಮುಂದಿನ ಜಗಲಿ ಬರುವವರೆಗೆ ಅವರ ಕಾಲಿಗೆ ಏನೂ ಆಗಿರುವುದಿಲ್ಲ.

ನಾನು ಹನೂರಿನ ಶಾಲೆಯಲ್ಲಿ ಮೇಷ್ಟ್ರು. ವಾಸ ಮಾತ್ರ ಕೊಳ್ಳೇಗಾಲದ ಹಳೆಯ ಬೀದಿಯಲ್ಲಿ, ಮಾವನ ಮನೆಯ ಎದುರಿಗೆ, ಬಾಡಿಗೆಗೆ. ನನ್ನ ಜೊತೆಯ ಮೇಷ್ಟ್ರುಗಳೆಲ್ಲ ಊರಾಚೆಯ ಬಡಾವಣೆಗಳಲ್ಲಿ ಸೈಟು ಕೊಂಡು, ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಸ್ಕೂಟರ್ ತೆಗೆಯುತ್ತಾರೆ. ನಮಗೆ ಆ ಕಷ್ಟವಿಲ್ಲ. ಊರು ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಕಟ್ಟಿದ ಹೆಂಚಿನ ಮನೆಗಳು, ಮರದ ಕಂಬಗಳು, ಮನೆಯ ಮುಂದೆ ಕಲ್ಲಿನ ಜಗಲಿ, ಒಂದೆರಡು ಮನೆಯೊಳಗೆ ಈಗಲೂ ರೇಷ್ಮೆ ಮಗ್ಗದ ಸದ್ದು. ಮಾರ್ಕೆಟ್ಟು, ಬ್ಯಾಂಕು, ಆಸ್ಪತ್ರೆ, ದೇವಸ್ಥಾನ ಎಲ್ಲವೂ ಕಾಲಳತೆಯಲ್ಲಿವೆ. ಬಸ್ಸಿನ ಹಾರನ್ ಕೇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರೂ ನನಗೆ ಹನೂರಿನ ಬಸ್ಸು ಸಿಕ್ಕಿದ್ದುಂಟು.

ಮಾವನ ಮನೆಯಿಂದ ಮಾರ್ಕೆಟ್ಟಿಗೆ ನನ್ನ ನಡಿಗೆಯಲ್ಲಿ ನಾಲ್ಕು ನಿಮಿಷ. ಮಾವ ಮತ್ತು ಅತ್ತೆಗೆ ಮುಕ್ಕಾಲು ಗಂಟೆ! ಯಾಕೆಂದರೆ ದಾರಿಯಲ್ಲಿ ಏಳು ಜಗಲಿಗಳಿದ್ದವು. ಮಾವ ದೂರವನ್ನು ಅಳೆಯುವುದೂ ಅದರಲ್ಲೇ. ಒಮ್ಮೆ ಕೊರಿಯರ್‌ನವನೊಬ್ಬ ವಿಳಾಸ ಕೇಳಿದ. ಮಾವ ಗಂಭೀರವಾಗಿ, “ಮೂರ್ ಜಗ್ಲಿ ಮುಂದಕ್ಕೋಗಿ ಎಡಕ್ಕೆ ತಿರುಕ್ಕೊ. ಆಮ್ಯಾಕೆ ಒಂದ್ ಜಗ್ಲಿ, ಅಷ್ಟೆಯಾ” ಎಂದರು.

“ಸಾ, ಮ್ಯಾಪಲ್ಲಿ ಜಗ್ಲಿ ತೋರಿಸ್ತಾ ಇಲ್ವಲ್ಲ?”

“ಅಂಗಾರೆ ಆ ಮ್ಯಾಪು ನಮ್ಮೂರ್ದಲ್ಲ ಬುಡು” ಎಂದು ಮಾವ ಒಳಗೆ ಹೋದರು.

ದಿನಾ ಬೆಳಿಗ್ಗೆ ಹತ್ತಕ್ಕೆ ದಂಪತಿಗಳ ಸವಾರಿ ಹೊರಡುತ್ತಿತ್ತು. ಮೊದಲ ಜಗಲಿ ಬರುತ್ತಲೇ ಮಾವನ ಮುಖ ಕಿವುಚಿಕೊಳ್ಳುತ್ತಿತ್ತು. “ಇವಳೆ, ಒಸಿ ಕೂತ್ಕಳವ. ನನ್ ಕಾಲು ಮಾತ್ ಕೇಳಾಕಿಲ್ಲ.” ಅತ್ತೆ, “ನಿಮ್ ಕಾಲಿಂದು ಯಾವಾಗ್ಲೂ ಇದೇ ಗೋಳು” ಎಂದು ಗೊಣಗಿ ಪಕ್ಕದಲ್ಲಿ ಕೂರುತ್ತಿದ್ದರು. ಆ ಮನೆಯವರು ಹೊರಗೆ ಬಂದು ಮಂಡಿಗೆ ಒಂದು ಮದ್ದು ಹೇಳುತ್ತಿದ್ದರು. ಮುಂದಿನ ಜಗಲಿಯಲ್ಲಿ ಇನ್ನೊಂದು ಮದ್ದು. ಹರಳೆಣ್ಣೆ, ಲಕ್ಕಿಸೊಪ್ಪಿನ ಶಾಖ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ! ಯಾರ ಮನಸ್ಸಿಗೂ ನೋವಾಗಬಾರದೆಂದು ಮಾವ ಎಲ್ಲವನ್ನೂ ಹಚ್ಚಿಕೊಳ್ಳುತ್ತಿದ್ದರು. ಹತ್ತಿರ ಹೋದರೆ ಒಗ್ಗರಣೆಯ ವಾಸನೆ ಬರುತ್ತಿತ್ತು.

ಆಟೋ ಹತ್ತಿ ಎಂದರೆ ಸಿಟ್ಟು. “ಆಟೋದಲ್ಲಿ ಕೂತ್ರೆ ಬೀದಿ ಎಲ್ಲಿ ಕಾಣ್ತದ್ಲಾ? ಡ್ರೈವರ್ ಬೆನ್ ಕಾಣ್ತದೆ.”

ಇಂಥ ಮಂಡಿಯ ಮನುಷ್ಯ ಮಾದಪ್ಪನ ಬೆಟ್ಟಕ್ಕೆ ಹೇಗೆ ಹೋಗಬೇಕು ಹೇಳಿ? ಬಸ್ಸಿನಲ್ಲಿ ತಾನೆ? ಮಾವ ಪ್ರತಿ ವರ್ಷ ಬೆಟ್ಟದ ಬುಡದ ತಾಳಬೆಟ್ಟದಿಂದ ಬರಿಗಾಲಲ್ಲಿ ನಡೆದೇ ಹತ್ತುತ್ತಾರೆ! ಒಂದು ವರ್ಷ ನಾನೂ ಜೊತೆಗೆ ಹೋದೆ. ಅರ್ಧ ದಾರಿಯಲ್ಲಿ ನಾನು ಬಂಡೆಯೊಂದನ್ನು ತಬ್ಬಿಕೊಂಡು ಏದುಸಿರು ಬಿಡುತ್ತಿದ್ದರೆ, ಮೇಲಿನ ತಿರುವಿನಿಂದ ಎಪ್ಪತ್ತು ವರ್ಷದ ಮಾವ, “ಮೇಷ್ಟ್ರೆ, ಎದ್ದೇಳ್ಲಾ!” ಎಂದು ಕೂಗುತ್ತಿದ್ದರು.

“ಮಾವ, ನಿಮ್ಮ ಮಂಡಿ?”

“ತಾಳಬೆಟ್ಟದಿಂದ ಈಚೆಗೆ ಮಾದಪ್ಪ ನೋಡ್ಕತಾನೆ. ಕೊಳ್ಳೇಗಾಲದ್ ಬೀದಿ ಅವನ್ಗೆ ಸೇರಕಿಲ್ಲ.”

ನನಗೆ ಅನುಮಾನ ಹುಟ್ಟಿದ್ದು ಅಲ್ಲೇ. ಊರಿಗೆ ಬಂದವನೇ ಅವರನ್ನು ಬಲವಂತವಾಗಿ ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ‘ಈ ಮಂಡಿ ನನ್ನ ಮಂಡಿಗಿಂತ ಚೆನ್ನಾಗಿದೆಯಲ್ರೀ’ ಎಂದುಬಿಟ್ಟರು. ಮಾವನಿಗೆ ಅವಮಾನವಾಯಿತು. ದಾರಿಯುದ್ದಕ್ಕೂ ಬೈಗುಳ. “ಫೋಟೊದಲ್ಲಿ ನೋವು ಎಂಗ್ಲಾ ಕಾಣ್ತದೆ? ನಿನ್ ಮದ್ವೆ ಫೋಟೊದಲ್ಲಿ ಕಾಣ್ತದಾ?”

ಅವತ್ತು ಸಂಜೆ ಆ ಎಕ್ಸ್‌ರೇ ಹಿಡಿದುಕೊಂಡು ನಗುತ್ತಾ ಅಡುಗೆಮನೆಗೆ ಹೋದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. “ನೋಡಿ ಅತ್ತೆ, ಮಾವ ಬೀದಿಗೆಲ್ಲಾ ಸುಳ್ಳು ಹೇಳ್ಕೊಂಡು ತಿರುಗ್ತಾ ಇದ್ದಾರೆ!” ಎಂದೆ. ಅತ್ತೆ ನಗಲಿಲ್ಲ. ನಡುಮನೆಯ ಕಡೆ ಒಮ್ಮೆ ನೋಡಿ, “ಮೆತ್ತಗ್ ಮಾತಾಡು” ಎಂದರು.

“ಅವರ ಮಂಡಿಗೆ ಏನೂ ಆಗಿಲ್ಲ ಕಣಪ್ಪ. ಆಗಿರೋದು ನನ್ ಎದೆಗೆ. ಮೈಸೂರಿನ್ ಡಾಕ್ಟ್ರು ಅವತ್ತೇ ಅಂದ್ರು, ಎದೆ ಸೋತೋಗದೆ, ಒಂದೇ ದಮ್ಗೆ ಐವತ್ತು ಅರವತ್ತು ಎಜ್ಜೆ ಮ್ಯಾಕೆ ನಡಿಬ್ಯಾಡಿ ಅಂತ. ಮನೆಗೆ ಬಂದು ನಾನು ನಿಮ್ಮಾವನ್ಗೆ ಯೋಳ್ದೆ. ಬೀದೀಲಿ ನಾನು ಏದುಸ್ರು ಬುಡ್ತಾ ನಿಂತು, ಯಾರಾರ ಒಬ್ರು ಅಯ್ಯೋ ಪಾಪ ಅಂದ್ರೂ ಸೈ, ಅವತ್ತಿಂದ ನಾನು ಒಸ್ಲು ದಾಟಕಿಲ್ಲ ಅಂತ. ಮಾರ್ನೆ ದಿನ್ದಿಂದ ಇವರ್ ಮಂಡಿ ನೋಯಕ್ ಸುರುವಾಯ್ತು.”

ನಾನು ಎಕ್ಸ್‌ರೇಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡೆ. ಅತ್ತೆ ಒಂದು ಕಾಯಿ ಸುಲಿದು, ಕಾಳು ತಟ್ಟೆಗೆ ಹಾಕಿ, ಮತ್ತೆ ಹೇಳಿದರು: “ಮದ್ವೆಯಾಗಿ ಬಂದ್ ದಿನ್ದಿಂದ ನನ್ ಬದನೆಕಾಯ ನಾನೇ ಆರಿಸ್ಕ ಬಂದಿವ್ನಿ. ಕಾಯಿ ಮನೆ ಬಾಗ್ಲಿಗೇ ಬರಂಗಾದ್ರೆ ಆಮ್ಯಾಕೆ ನಾನ್ ಯಾಕಪ್ಪ ಬೇಕು? ನಂಗೆ ಗೊತ್ತು ಅನ್ನದ ಅವರ್ಗೆ ಯೋಳ್ಬುಡ್ಬೇಡ. ಪಾಪ, ಅಷ್ಟ್ ಕಷ್ಟಪಟ್ಟು ಕುಂಟ್ತಾರೆ.”

ನನಗೆ ನಾಚಿಕೆಯಾಯಿತು. ಮನೆಗೆ ಬಂದು ಎಕ್ಸ್‌ರೇಯನ್ನು ಅಟ್ಟಕ್ಕೆ ಎಸೆದೆ. ಮಾರನೆಯ ದಿನದಿಂದ ನಾನೂ ಮಾವನ ಮಂಡಿಗೆ ಮದ್ದು ಹೇಳುವವರ ಗುಂಪಿಗೆ ಸೇರಿದೆ.

ಹೀಗಿರುವಾಗ ಮೂರನೆಯ ಜಗಲಿಯ ಮನೆಯವನು ಕಾರು ಕೊಂಡ. ಒಳ್ಳೆಯ ಹುಡುಗ, ಹುಡುಗನೆಂದರೆ ನಲವತ್ತು ವರ್ಷ, ಬಸ್‌ಸ್ಟ್ಯಾಂಡಿನ ಬಳಿ ಫ್ಯಾನ್ಸಿ ಸ್ಟೋರ್ ಇಟ್ಟುಕೊಂಡವನು. ನಮ್ಮ ಬೀದಿಯೋ, ಎರಡು ಎಮ್ಮೆ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕಾದಷ್ಟು ಅಗಲ. ಕಾರನ್ನು ಹೊರಗೆ ನಿಲ್ಲಿಸುವಂತಿಲ್ಲ. ಜಗಲಿ ಕಿತ್ತು, ಸಿಮೆಂಟಿನ ಇಳಿಜಾರು ಮಾಡಿ, ಕಾರನ್ನು ಒಳಗೆ ಹತ್ತಿಸುವುದೆಂದು ಅವನು ತೀರ್ಮಾನಿಸಿದ. ಅವನದು ತಪ್ಪು ಎನ್ನಲು ಬರುತ್ತದೆಯೇ? ಅವನ ಮನೆ, ಅವನ ಕಲ್ಲು.

ಸುದ್ದಿ ತಿಳಿದದ್ದೇ ಮಾವ ಪೇಪರು, ನೀರಿನ ಚೊಂಬು, ಎಲೆಅಡಿಕೆ ತೆಗೆದುಕೊಂಡು ಹೋಗಿ ಆ ಜಗಲಿಯ ಮೇಲೆ ಕೂತರು. ಎರಡು ದಿನ ಏಳಲಿಲ್ಲ! ಊಟಕ್ಕೆ ಮಾತ್ರ ಮನೆಗೆ ಬರುತ್ತಿದ್ದರು. ಅಷ್ಟೂ ಹೊತ್ತು ಅವರ ಟವೆಲ್ಲು ಅಲ್ಲಿ ಕೂತಿರುತ್ತಿತ್ತು.

“ದೊಡ್ಡಪ್ಪ, ಇದು ನಮ್ಮನೆ ಜಗ್ಲಿ ಅಲ್ವ?”

“ಕಲ್ಲು ನಿಂದು ಕಣ್ಲಾ. ಕೂತಿರೋನು ನಾನು. ಎಬ್ಬರ್ಸು, ನೋಡ್ತೀನಿ.”

ಮೂರನೆಯ ದಿನ ಮಾವ ಕ್ಷೌರಕ್ಕೆ ಹೋದ ಹೊತ್ತು ನೋಡಿ ಕೆಲಸದವರು ಗುದ್ದಲಿ ಹಾಕಿದರು. ಮಾವ ನುಣ್ಣನೆಯ ಗಲ್ಲ ಸವರಿಕೊಳ್ಳುತ್ತಾ ಬಂದಾಗ ಚಪ್ಪಡಿಕಲ್ಲು ಎರಡು ಹೋಳಾಗಿ ಮೋರಿಯ ಮೇಲೆ ಬಿದ್ದಿತ್ತು. ಕೂಗಾಡುತ್ತಾರೆಂದು ನಾನು ಓಡಿ ಹೋದೆ. ಅವರು ಕೂಗಾಡಲಿಲ್ಲ. ಎರಡನೆಯ ಜಗಲಿಗೆ ಹಿಂತಿರುಗಿ ಹೋಗಿ, ಅಲ್ಲಿಂದ ನಾಲ್ಕನೆಯ ಜಗಲಿಯವರೆಗೆ ಅತ್ತೆಯ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಎಣಿಸಿಕೊಂಡು ಬಂದರು.

“ಎಷ್ಟು ಮಾವ?”

“ನೂರಾ ಅದಿನಾರು” ಎಂದರು.

ಆ ನೂರಾ ಹದಿನಾರರ ಅರ್ಥ ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಇಬ್ಬರೂ ಕಾರಿನ ವಿಷಯ ಮಾತಾಡುವವರಂತೆ ಆ ಒಡೆದ ಕಲ್ಲನ್ನು ನೋಡುತ್ತಾ ನಿಂತೆವು. ಅತ್ತೆಯ ಮಾರ್ಕೆಟ್ಟು ಇನ್ನು ಮುಗಿಯಿತು ಎಂದೇ ನಾನು ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಮಾವ ಎಂದಿನಂತೆ ಅತ್ತೆಯನ್ನು ಹೊರಡಿಸಿದರು. ಎರಡನೆಯ ಜಗಲಿಯಲ್ಲಿ ಕೂತು ಎದ್ದದ್ದಾಯಿತು. ಹಿಂದಿನ ಸಂಜೆ ಹಾಕಿದ್ದ ಸಿಮೆಂಟಿನ ಇಳಿಜಾರಿನ ಮುಂದೆ ಬಂದವರೇ ನಿಂತು, ಬೀದಿ ಕಿತ್ತುಹೋಗುವಂತೆ ಗಂಟಲೆತ್ತಿದರು. “ಬಾರ್ಲಾ ಈಚೆಗೆ! ನಿಂಗೆ ಕಲ್ಲು ಕೀಳಕ್ ಕೈ ಎಂಗ್ ಬಂತ್ಲಾ?” ಅವನು ಹೊರಗೆ ಬಂದ. ಮಾತಿಗೆ ಮಾತು ಬೆಳೆಯಿತು. ಅತ್ತೆ ಚೀಲ ಹಿಡಿದು ಸುಮ್ಮನೆ ನಿಂತಿದ್ದರು. ಅವನಿಗೆ ಏನನ್ನಿಸಿತೋ, ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. “ದೊಡ್ಡವ್ವ, ನೀವು ಕೂತ್ಕಳಿ. ಈ ಯಪ್ಪನ್ ಮಾತು ಈಗ್ಲೇ ಮುಗಿಯಾಕಿಲ್ಲ.”

ಕುರ್ಚಿ ಕಂಡದ್ದೇ ಮಾವನಿಗೆ ಹೊಸ ಹುರುಪು ಬಂತು. ಅಂದಿನಿಂದ ಆ ಮನೆಯ ಮುಂದೆ ದಿನಾ ಜಗಳ! ಜಗಳ, ಕುರ್ಚಿ, ಜಗಳ, ಕುರ್ಚಿ. ಒಂದು ವಾರಕ್ಕೆ ಜಗಲಿಯ ವಿಷಯ ಖಾಲಿಯಾಯಿತು. ಆಮೇಲೆ ಕಾರಿನ ಬಣ್ಣದ ಮೇಲೆ ಜಗಳ. ಅದೂ ಮುಗಿದಾಗ, ಅವನ ಅಜ್ಜನ ಕಾಲದ ಯಾವುದೋ ಮದುವೆಯಲ್ಲಿ ಮಾವನ ಪಂಕ್ತಿಗೆ ಪಾಯಸ ಬರಲಿಲ್ಲ ಎಂದು ಮೂರು ದಿನ. ಒಂದು ಭಾನುವಾರ ನಾನು ಚೀಲ ಹಿಡಿದು ಜೊತೆಗೆ ಹೋಗಿ ನೋಡಿದೆ. ಮಾವನ ಬಾಯಿ ಅವನ ಕಡೆಗಿತ್ತು, ಕಣ್ಣು ಅತ್ತೆಯ ಕಡೆಗಿತ್ತು. ಅತ್ತೆಯ ಉಸಿರು ಹದಕ್ಕೆ ಬಂದು ಅವರು ಸೆರಗು ಸರಿಮಾಡಿಕೊಂಡ ಕೂಡಲೇ, “ನಿಮ್ ತಾತ ಇದ್ದಿದ್ರೆ ಇವತ್ತು ನಿನ್ನ...” ಎನ್ನುತ್ತಿದ್ದ ಮಾವ ಅರ್ಧಕ್ಕೇ ಬಿಟ್ಟು ಹೊರಟೇಬಿಟ್ಟರು! ತಾತ ಇದ್ದಿದ್ದರೆ ಏನು ಮಾಡುತ್ತಿದ್ದರೆಂದು ತಿಳಿಯದೆ ಅವನು ಬಾಯಿ ತೆರೆದುಕೊಂಡು ನಿಂತಿದ್ದ.

ಮಾವನಿಗೆ ತಲೆ ಕೆಟ್ಟಿದೆಯೆಂದು ಬೀದಿ ಒಪ್ಪಿಕೊಂಡಿತು. ಇಂಥ ಜಗಳಗಂಟನ ಜೊತೆ ಹೇಗೆ ಬಾಳಿದೆಯಮ್ಮ, ಅಯ್ಯೋ ಪಾಪ ಎಂದು ಹೆಂಗಸರು ಅತ್ತೆಯನ್ನು ಮಾತಾಡಿಸತೊಡಗಿದರು. ಈ ಅಯ್ಯೋ ಪಾಪಕ್ಕೆ ಅತ್ತೆ ಏನೂ ಬೇಜಾರು ಮಾಡಿಕೊಳ್ಳಲಿಲ್ಲ. “ಏನ್ ಮಾಡದು, ಕಟ್ಕಂಡಿವ್ನಿ” ಎಂದು ನಗುತ್ತಿದ್ದರು. ಹೀಗೆ ಒಂದು ವರ್ಷದ ಮೇಲೆ ಎರಡು ತಿಂಗಳು ನಡೆಯಿತು.

ಈ ಸಲ ಯುಗಾದಿಗೆ ಮುಂಚೆ ಅತ್ತೆ ಹೋದರು. ಅವತ್ತು ಬೆಳಿಗ್ಗೆಯೂ ಮಾರ್ಕೆಟ್ಟಿಗೆ ಹೋಗಿದ್ದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರು ಆರಿಸಿ ತಂದ ಬದನೆಕಾಯಿ ಮೊರದಲ್ಲಿ ಹಾಗೇ ಇತ್ತು. ಅದನ್ನು ನೋಡಿ ನನಗೆ ಅಳು ಬಂತು. ಮಾವ ಅಳಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮಾರನೆಯ ಬೆಳಿಗ್ಗೆ ಹತ್ತಕ್ಕೆ ಮಾವ ಗೂಟದಿಂದ ಚೀಲ ತೆಗೆದುಕೊಂಡು ಹೊರಟರು. ನಾನು ಹತ್ತು ಹೆಜ್ಜೆ ಹಿಂದೆ ಹೋದೆ. ಮೊದಲ ಜಗಲಿ ಬಂತು. ಮಾವ ನಿಲ್ಲಲಿಲ್ಲ. ಎರಡನೆಯದೂ ಬಂತು. ಆ ಮನೆಯಾಕೆ, “ಕಾಲು ಎಂಗದೆ ಬುದ್ಧಿ?” ಎಂದು ಎದ್ದು ನಿಂತರು. ಅದೂ ಕೇಳಿಸದವರಂತೆ ಮಾವ ಸರಸರ ನಡೆದರು. ಅಷ್ಟು ಜೋರಾಗಿ ಅವರು ಆ ಬೀದಿಯಲ್ಲಿ ನಡೆದದ್ದನ್ನು ನಾನು ನೋಡಿರಲಿಲ್ಲ. ಜಗಲಿಯಲ್ಲಿ ಕೂತವರೆಲ್ಲ ಮಾವನ ಕಾಲನ್ನೇ ನೋಡುತ್ತಿದ್ದರು.

ಮೂರನೆಯ ಮನೆಯವನು ಅಂಗಡಿಗೆ ಹೋಗದೆ ಇಳಿಜಾರಿನ ಮೇಲೆ ಕಾಯುತ್ತಿದ್ದ. ಪಕ್ಕದಲ್ಲಿ ಅದೇ ಕುರ್ಚಿ. ಮಾವ ತಲೆ ತಗ್ಗಿಸಿ ದಾಟಿಹೋಗುತ್ತಿದ್ದಂತೆ ಅವನು ಅಡ್ಡ ಬಂದು ನಿಂತ.

“ಏನ್ ದೊಡ್ಡಪ್ಪ, ಸುಮ್ನೆ ಓಯ್ತಾ ಇದೀರಿ? ಕಲ್ಲು ಕಿತ್ತೋನು ನಾನೇ. ನಮ್ ತಾತ ಇದ್ದಿದ್ರೆ ಏನ್ ಮಾಡೋರು? ಅವತ್ತು ಅರ್ಧಕ್ಕೇ ಬುಟ್ಟೋದ್ರಿ. ಯೋಳಿ, ಇವತ್ ಬುಡಾಕಿಲ್ಲ ನಾನು.”

ಜೋರಾಗಿಯೇ ಕೇಳಿದ. ಕೇಳುತ್ತಲೇ ಕುರ್ಚಿಯನ್ನು ಮಾವನ ಕಡೆಗೆ ಸರಿಸಿದ. ಕುರ್ಚಿ ಯಾರಿಗಾಗಿ, ಯಾತಕ್ಕಾಗಿ ಎಂದು ಅವನಿಗೂ ಗೊತ್ತಿತ್ತೆಂಬುದು ನನಗೆ ಆಗ ತಿಳಿಯಿತು. ಎಂದಿನಿಂದ ಎಂದು ನಾನು ಕೇಳಲಿಲ್ಲ.

“ನಿಮ್ ತಾತ ಇದ್ದಿದ್ರೆ...” ಎಂದು ಮಾವ ಶುರುಮಾಡಿದರು. “ನಿಮ್ ತಾತ...” ಎನ್ನುತ್ತಲೇ ಕೈ ಚಾಚಿ ಕುರ್ಚಿಯನ್ನು ಹುಡುಕಿ ಹಿಡಿದು, ಮೆಲ್ಲಗೆ ಕೂತರು. ಬಲಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡರು.

“ಇವತ್ತು ನಿಜ್ವಾಗ್ಲೂ ನೋಯ್ತಾ ಅದೆ ಕಣ್ಲಾ” ಎಂದರು.

ಅವನು ಆ ಸಿಮೆಂಟಿನ ಇಳಿಜಾರಿನ ಮೇಲೆ ಮಾವನ ಕಾಲ ಬಳಿ ಕೂತ. ನಾನೂ ಕೂತೆ.